ನಿಡೋಣಿಯ ಬಂಡಿಯವರು ಹಾಕದೇ ಹೋದ ಟೆಂಡರ್

ಇಲ್ಲಿ ನಾನು ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಯಾವ ವರ್ಷದ ಬೇಸಿಗೆ, ಯಾರು ಯಾವ ಕುರ್ಚಿಯಲ್ಲಿ ಕೂತಿದ್ದರು, ಸಾಹೇಬರ ಕೋಣೆಯ ಬಾಗಿಲಿಗೆ ಪರದೆ ಇತ್ತೋ ಇಲ್ಲವೋ ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ ನಾನು ಆಣೆ ಮಾಡಲಾರೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ನಮಗೆ ಕಲಿಸಿದ್ದೇ ಇದು: ಕಣ್ಣಾರೆ ಕಂಡೆ ಎನ್ನುವವರ ಮಾತನ್ನೇ ಹೆಚ್ಚು ಅನುಮಾನದಿಂದ ಓದಬೇಕು. ಆಗಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ ನಿಜ. ಆದರೆ ತೆಗೆದು ನೋಡಿದರೆ, ಸಿಟ್ಟು ಬಂದ ದಿನ ಸಿಟ್ಟನ್ನೇ ಪುಟ ತುಂಬ ಬರೆದಿದ್ದೇನೆ. ಸಿಟ್ಟು ತರಿಸಿದ ಸಂಗತಿಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ.

ಈಗ ಬರೆಯಲು ಕಾರಣವಿದೆ. ಈಚೆಗೆ, ಹೊಸದಾಗಿ ನೌಕರಿಗೆ ಸೇರಿದ ಹುಡುಗ ಹುಡುಗಿಯರಿಗೆ ಒಂದು ತಾಸು ಮಾತಾಡಲು ನನ್ನನ್ನು ಕರೆದಿದ್ದರು. ವಿಷಯವನ್ನು ಅವರೇ ಕೊಟ್ಟಿದ್ದರು: ಟೆಂಡರ್ ಹಾಕುವವರು ಮಾಡುವ ಸಾಮಾನ್ಯ ತಪ್ಪುಗಳು. ನಾನೂ ಜಾಣೆಯಂತೆ ಹೇಳಿದೆ. ಷರತ್ತುಗಳನ್ನು ಓದುವುದಿಲ್ಲ, ಸಹಿ ಮರೆಯುತ್ತಾರೆ, ದರವನ್ನು ಅಕ್ಷರದಲ್ಲಿ ಒಂದು, ಅಂಕಿಯಲ್ಲಿ ಇನ್ನೊಂದು ಎಂದು ಬರೆಯುತ್ತಾರೆ, ಕೊನೆಯ ಗಳಿಗೆಗೆ ಓಡಿ ಬರುತ್ತಾರೆ. ಎಲ್ಲರೂ ಬರೆದುಕೊಂಡರು, ಶಾಲು ಹೊದಿಸಿದರು. ರಿಕ್ಷಾದಲ್ಲಿ ಮನೆಗೆ ಬರುವಾಗ ನನಗೆ ಉರಿಯತೊಡಗಿತು. ತಪ್ಪು ಮಾಡುವವರು ಯಾವಾಗಲೂ ಟೆಂಡರ್ ಹಾಕುವವರೇ? ಟೆಂಡರ್ ಪೆಟ್ಟಿಗೆಯ ಈಚೆ ಬದಿಗೆ ಕೂತವರ ತಪ್ಪುಗಳಿಗೆ ಒಂದು ತಾಸು ಮೀಸಲಿಡಲು ಯಾರಿಗೂ ಏಕೆ ಹೊಳೆಯಲಿಲ್ಲ? ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಮ್ಮ ಊರು ಇನ್ನೂ ಬಿಜಾಪುರ. ತಿಕೋಟಾ, ಬಬಲೇಶ್ವರಗಳಿಗೆ ಆಗ ತಾಲೂಕಿನ ಪಟ್ಟ ಬಂದಿರಲಿಲ್ಲ. ಹಳ್ಳಿಯ ರಸ್ತೆ, ಸಾಲಿಕೋಣೆ, ಬಾವಿ ಕಟ್ಟಿಸುವ ಒಂದು ಸರಕಾರಿ ಕಚೇರಿಯಲ್ಲಿ ನಾನು ಟೆಂಡರ್ ಶಾಖೆಯ ಗುಮಾಸ್ತೆ. ಕಚೇರಿಯ ಹೆಸರು ಬೇಡ. ನನ್ನ ಹೆಸರು ಶಮಶಾದ್. ಎಲ್ಲರೂ ಬಾಯಿ, ಬಾಯಾರ ಎನ್ನುತ್ತಿದ್ದರು. ಮೇಲೆ ಒಬ್ಬ ಸಾಹೇಬರು, ಕೆಳಗೆ ಜವಾನ ನಿಂಗಪ್ಪ, ನಡುವೆ ನಾನು ಮತ್ತು ಬೀಗ ಹಾಕಿದ ಒಂದು ತಗಡಿನ ಪೆಟ್ಟಿಗೆ. ಲಕೋಟೆ ತಂದವರು ತಾವೇ ಅದನ್ನು ಪೆಟ್ಟಿಗೆಯೊಳಗೆ ಹಾಕಬೇಕು. ನೌಕರರು ಕೈಯಿಂದ ಮುಟ್ಟುವಂತಿಲ್ಲ. ಪೆಟ್ಟಿಗೆ ಇರುತ್ತಿದ್ದುದು ಸಾಹೇಬರ ಟೇಬಲ್ಲಿನ ಮೇಲೆ. ಸಾಹೇಬರ ಕೋಣೆಗೆ ಹೆಜ್ಜೆ ಇಡಲು ಹೆದರುವವನು ಆ ಪೆಟ್ಟಿಗೆಯ ತನಕ ಹೇಗೆ ಹೋಗಬೇಕು ಎಂದು ನಿಯಮ ಬರೆದವರು ಯೋಚಿಸಿರಲಿಲ್ಲ.

ಸೇರಿದ ಹೊಸದರಲ್ಲಿ ಕಂಡ ಒಂದು ಟೆಂಡರ್ ತಿರಸ್ಕಾರವನ್ನು ನಾನು ಮರೆತಿಲ್ಲ. ತಿಕೋಟಾದ ಬಡಿಗ ಕಾಳಪ್ಪ ಸಾಲಿಯ ಬಾಗಿಲು ಕಿಟಕಿಗಳಿಗೆ ಟೆಂಡರ್ ಹಾಕಿದ್ದ. ಅವನ ಹೆಂಡತಿ ಲಕೋಟೆಯನ್ನು ದೇವರ ಮುಂದಿಟ್ಟು, ಮೂಲೆಗೆ ಕುಂಕುಮ ಹಚ್ಚಿ ಕಳಿಸಿದ್ದಳು. ಪೆಟ್ಟಿಗೆ ತೆರೆದಾಗ ಸಾಹೇಬರು ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದರು.

"ಇದೇನು? ಗುರುತು ಮಾಡಿದ ಲಕೋಟೆ. ರದ್ದು."

"ಗುರ್ತ ಅಲ್ರಿ ಸಾಹೇಬ್ರ, ಕುಂಕುಮರಿ ಅದು," ಎಂದ ಕಾಳಪ್ಪ. "ಮನ್ಯಾಗ ಹೆಣಮಗಳು ಹಚ್ಚ್ಯಾಳ."

"ಯಾರ ಮನಿ ಕುಂಕುಮ ಅಂತ ಗೊತ್ತಾದ್ರ ಅದು ಗುರುತೇ."

ಅದೇ ಪೆಟ್ಟಿಗೆಯಿಂದ ಹೊರಬಂದ ಇನ್ನೊಂದು ಲಕೋಟೆಗೆ ಗಂಧದ ಅತ್ತರಿನ ವಾಸನೆ. ಅದು ಯಾರದೆಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಊರಿಗೆಲ್ಲ ಅಷ್ಟು ಅತ್ತರು ಪೂಸಿಕೊಳ್ಳುತ್ತಿದ್ದವರು ಒಬ್ಬರೇ. ನಾನು ಮೂಗು ಎಳೆದುಕೊಂಡು, "ಸರ್, ಇದೂ ಗುರುತಲ್ಲವೇ?" ಎಂದೆ. ಸಾಹೇಬರು, "ನಿಯಮದಾಗ ವಾಸನಿ ಬಗ್ಗೆ ಏನೂ ಬರದಿಲ್ಲ ಬಾಯಿ," ಎಂದರು. ಬಾಗಿಲುಗಳ ಕೆಲಸ ಅತ್ತರಿನವರಿಗೆ ಹೋಯಿತು. ಅವರು ಬಡಿಗರಾಗಿರಲಿಲ್ಲ. ಕಾಳಪ್ಪನನ್ನೇ ಕೂಲಿಗೆ ಕರೆದು ಮಾಡಿಸಿದರು.

ಆ ಅತ್ತರಿನವರನ್ನು ನಾನು ಇಲ್ಲಿ ಸಾವಕಾರರು ಎಂದೇ ಕರೆಯುತ್ತೇನೆ. ಬೇರೆ ಜಿಲ್ಲೆಯಿಂದ ಬಂದು ನಮ್ಮಲ್ಲಿ ಸಿಮೆಂಟು, ಕಬ್ಬಿಣದ ವ್ಯಾಪಾರದಿಂದ ಕಂತ್ರಾಟಿಗೆ ಇಳಿದವರು. ನಗುಮುಖದ ಮನುಷ್ಯ, ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ನನ್ನ ಅಣ್ಣ ಮೆಹಬೂಬ್ ಅವರ ಬಳಿ ಬರವಣಿಗೆಯ ಕೆಲಸಕ್ಕಿದ್ದ. ಇದನ್ನು ನಾನು ಸಾಹೇಬರಿಗೆ ಮೊದಲೇ ತಿಳಿಸಿದ್ದೆ. "ಊರು ಸಣ್ಣದು ಬಾಯಿ, ಒಬ್ಬರಿಗೊಬ್ಬರು ಏನರ ಆಗೇ ಆಗ್ತಾರ," ಎಂದು ಅವರು ಮಾತು ಮುಗಿಸಿದ್ದರು.

ಟೆಂಡರ್ ಹಾಕುವವರ ತಪ್ಪುಗಳೇ ಇರಲಿಲ್ಲ ಎಂದಲ್ಲ. ಇಮಾಮಸಾಬ್ ಎಂಬ ಸುಣ್ಣದ ವ್ಯಾಪಾರಿ, ದರದ ಜಾಗದಲ್ಲಿ, "ಯಾರು ಎಲ್ಲಕಿಂತ ಕಮ್ಮಿ ಬರದಾರೋ ಅವರಕಿಂತ ಒಂದು ರೂಪಾಯಿ ಕಮ್ಮಿ" ಎಂದು ಬರೆದು ಹಾಕಿದ್ದ. ಓದಿದಾಗ ಇಡೀ ಕೋಣೆ ನಕ್ಕಿತು. ಅವನೂ ನಕ್ಕ. "ಯಾಕ್ರಿ, ಸಂತ್ಯಾಗ ಹಿಂಗ ಹೇಳೂದಿಲ್ಲೇನು?" ಎಂದ. ಹೇಳುತ್ತಾರೆ, ಆದರೆ ಸಂತೆಯಲ್ಲಿ ಎಲ್ಲರ ದರ ಎಲ್ಲರ ಕಿವಿಗೂ ಬೀಳುತ್ತದೆ. ಮುಚ್ಚಿದ ಲಕೋಟೆಯಲ್ಲಿ ಬೇರೆಯವರ ಹೆಗಲೇರಿ ಕೂರಲು ಬರುವುದಿಲ್ಲ. ಅದನ್ನು ತಿರಸ್ಕರಿಸಿದ್ದು ಸರಿಯೆಂದೇ ಇವತ್ತಿಗೂ ನನ್ನ ಅಭಿಪ್ರಾಯ.

ಇನ್ನೊಬ್ಬರು, ಕಲಿತವರೇ, ಬಬಲೇಶ್ವರದ ಸಾಲಿಕೋಣೆಯ ಪಾಯಕ್ಕೆ ದರ ಬರೆಯುವಾಗ ಜಾಗವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದರು. ಮೇಲೆ ಎರೆಮಣ್ಣು, ಸಲೀಸಾಗಿ ಅಗೆಯಬಹುದು ಎಂದು ಲೆಕ್ಕ ಹಾಕಿದ್ದರು. ಮೊಳದ ಕೆಳಗೆ ಗುದ್ದಲಿ ಮುರಿಯುವ ಕಲ್ಲು. ಪಾಯ ಅರ್ಧಕ್ಕೆ ನಿಂತಿತು. ಆ ಮಳೆಗಾಲದಲ್ಲಿ ಎಮ್ಮೆಗಳು ಅದರೊಳಗೆ ಈಜಿದವು. ಪಕ್ಕದ ಮನೆಯ ಮುದುಕಿಯನ್ನು, "ಯವ್ವಾ, ನಿಮ್ಮ ಬಾವಿ ತೋಡೂ ಮುಂದ ಏನು ಹತ್ತಿತ್ತು?" ಎಂದು ಕೇಳಿದ್ದರೆ ಸಾಕಿತ್ತು. ಹೊಸಬರು ಇದನ್ನು ನೆನಪಿಡಿ: ಜಾಗಕ್ಕೆ ಹೋಗಿ, ಕೂತು, ಕೇಳಿ, ಆಮೇಲೆ ದರ ಬರೆಯಬೇಕು. ಆದರೆ ಜಾಗದಲ್ಲಿ ಕಲ್ಲಿದೆ ಎನ್ನುವುದು ನಮ್ಮ ಕಚೇರಿಗೆ ಗೊತ್ತಿತ್ತು, ಪ್ರಕಟಣೆಯಲ್ಲಿ ನಾವು ಬರೆಯಲಿಲ್ಲ ಎನ್ನುವುದನ್ನೂ ನೆನಪಿಡಿ.

ಪ್ರಕಟಣೆ! ಅದರ ಕಥೆ ಹೇಳಿದರೆ ಈಗಿನವರು ನಂಬಲಿಕ್ಕಿಲ್ಲ. ಈಗ ಎಲ್ಲವೂ ಕಂಪ್ಯೂಟರಿನ ಮೇಲೆ ಕಾಣುತ್ತದೆ. ಆಗ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಹಾಳೆಯನ್ನು ಕಚೇರಿಯ ಒಳಗೆ ನಾವು ಓಣಿ ಎನ್ನುತ್ತಿದ್ದ ಕಾರಿಡಾರಿನಲ್ಲಿ, ನೀರಿನ ಕೊಡದ ಹಿಂದಿನ ಹಲಗೆಗೆ ಅಂಟಿಸಿದರೆ ಜಗತ್ತಿಗೆಲ್ಲ ತಿಳಿಸಿದಂತೆ. ಬಬಲೇಶ್ವರದ ಕಡೆಯ ರಸ್ತೆಗೆ ಖಡಿಕಲ್ಲು, ಮುರಮು ಮಣ್ಣು ಸಾಗಿಸುವ ಕೆಲಸದ ಪ್ರಕಟಣೆಯನ್ನೂ ಹಾಗೆಯೇ ಅಂಟಿಸಿದರು. ಎತ್ತಿನ ಬಂಡಿಗಳಿಂದ ಮಾಡಬಹುದಾದ ಕೆಲಸ. ಆ ರಸ್ತೆಯ ಬದಿಗೇ ಇರುವ ನಿಡೋಣಿಯಲ್ಲಿ ಬಂಡಿಗಳಿಗೇನು ಕೊರತೆ? ಆದರೆ ಆ ಊರಿನವರು ಪ್ರತಿಸಲವೂ ಸಾವಕಾರರ ಕೈಕೆಳಗೆ ದಿನಗೂಲಿಗೆ ಬಂಡಿ ಹೂಡುತ್ತಿದ್ದರು. ಸಾವಕಾರರು ಬರಬೇಡಿ ಎಂದ ದಿನ ಎತ್ತುಗಳು ಕೊಟ್ಟಿಗೆಯಲ್ಲಿ ನಿಂತು ಮೇಯುತ್ತಿದ್ದವು.

ನಾನು ಆ ಹಾಳೆಯನ್ನು ಕನ್ನಡ ಮಾಡಿ, ಕೈಯಿಂದಲೇ ದೊಡ್ಡ ಅಕ್ಷರದಲ್ಲಿ ಬರೆದೆ. ನನ್ನ ತಂದೆ ಪ್ರತಿವಾರ ಬಬಲೇಶ್ವರದ ಸಂತೆಯಲ್ಲಿ ಎತ್ತಿನ ಗಂಟೆ, ಗೆಜ್ಜೆಪಟ್ಟಿ, ಮೂಗುದಾರ ಮಾರುತ್ತಿದ್ದರು. ಅವರ ಕೈಯಲ್ಲಿ ಕೊಟ್ಟು ಚಹಾದಂಗಡಿಯ ಗೋಡೆಗೆ ಅಂಟಿಸಲು ಹೇಳಿದೆ. ಗೊತ್ತಾದ ಮೇಲೆ ಸಾಹೇಬರು ನನ್ನನ್ನು ನಿಲ್ಲಿಸಿಕೊಂಡೇ ಮಾತಾಡಿದರು.

"ನಿಮಗ ಯಾರು ಹೇಳಿದ್ರು ಕನ್ನಡ ಮಾಡ್ರಿ ಅಂತ?"

"ಓದುವವರು ಕನ್ನಡದವರು ಸರ್."

"ಓದಬೇಕು ಅಂತ ಯಾರು ಅಂದ್ರು? ಅಂಟಿಸಬೇಕು ಅಂತ ಐತಿ, ಅಂಟಿಸೇವಿ."

ಕೆಲವು ವರ್ಷಗಳ ಮೇಲೆ ಕನ್ನಡದಲ್ಲೇ ಪ್ರಕಟಿಸಬೇಕು ಎಂಬ ಆದೇಶ ಬಂದಾಗ ಅದೇ ಸಾಹೇಬರು ಅದನ್ನು ತಮ್ಮ ಸುಧಾರಣೆ ಎಂಬಂತೆ ಓದಿ ಹೇಳಿದರು. ಇರಲಿ.

ಚಹಾದಂಗಡಿಯ ಆ ಹಾಳೆಯನ್ನು ಓದಿಸಿಕೊಂಡು ಕಚೇರಿಗೆ ಬಂದವನು ನಿಡೋಣಿಯ ಮಲ್ಲಪ್ಪ. ಸ್ವಂತ ಬಂಡಿ ಇದ್ದವನು, ಅದಕ್ಕಿಂತ ಹೆಚ್ಚಾಗಿ ದನದ ದಲ್ಲಾಳಿ. ಸುತ್ತಲಿನ ಊರುಗಳ ಎತ್ತು, ಹೋರಿಗಳ ವ್ಯಾಪಾರ ಬಬಲೇಶ್ವರದ ಸಂತೆಯಲ್ಲಿ ಅವನ ಕೈಮೇಲೆ ನಡೆಯುತ್ತಿತ್ತು. ತನ್ನೂರಿನ ಬಂಡಿಯವರನ್ನೆಲ್ಲ ಕೂಡಿಸಿ, ಎಲ್ಲರ ಪರವಾಗಿ ತಾನು ಟೆಂಡರ್ ಹಾಕಲು ನಿಂತಿದ್ದ.

"ಬಾಯಾರ, ನಮಗ ಸಿಗಬೌದೇನ್ರಿ?" ಎಂದು ಕೇಳಿದ.

"ದರ ಕಡಿಮೆ ಇದ್ದು, ಕಾಗದ ಸರಿಯಿದ್ದರೆ ಯಾಕೆ ಸಿಗಬಾರದು?"

"ಸಿಕ್ರ ನಮ್ಮೂರ ಎತ್ತು ಊರಾಗ ಉಳೀತಾವ್ರಿ. ಇಲ್ಲಂದ್ರ ದುಡಿಮಿ ಇಲ್ಲದ ಎತ್ತು ಎಷ್ಟಂತ ಕಟಗೊಂಡು ಕುಂದ್ರೂದು? ಸಾವಕಾರ ಟ್ರ್ಯಾಕ್ಟರ್ ತರಾಂವ ಅದಾನಂತ ಸುದ್ದಿ."

ಅವನಿಗೆ ನಾನು ಫಾರ್ಮು ತುಂಬಿಕೊಡಲಿಲ್ಲ, ಅದು ಸಲ್ಲ. ಆದರೆ ಯಾವ ಸಾಲಿನಲ್ಲಿ ಏನು ಕೇಳಿದ್ದಾರೆ ಎಂದು ಓದಿ ಹೇಳಿದೆ. ಅದನ್ನು ಯಾರು ಕೇಳಿದರೂ ಹೇಳುತ್ತಿದ್ದೆ. ಊರ ಸಾಲಿ ಮಾಸ್ತರರಿಂದ ಅವನು ಬರೆಸಿಕೊಂಡ. ಕುಂಕುಮ ಹಚ್ಚಬೇಡ ಎಂದು ಹೇಳಲು ನಾನು ಮರೆಯಲಿಲ್ಲ. ಲಕೋಟೆಯನ್ನು ಅವನೇ ಪೆಟ್ಟಿಗೆಗೆ ಹಾಕಬೇಕು, ಮಧ್ಯಾಹ್ನ ಮೂರರೊಳಗೆ ಹಾಕಬೇಕು ಎಂದೆ. ಎಲ್ಲಕ್ಕೂ ತಲೆಯಾಡಿಸಿದ.

ಟೆಂಡರ್ ಹಾಕುವ ಕೊನೆಯ ದಿನ ಅವನು ಊಟದ ಹೊತ್ತಿಗೇ ಬಂದ. ಬೆಳ್ಳಗೆ ಒಗೆದ ಧೋತರ, ತಲೆಗೆ ರುಮಾಲು. ಲಕೋಟೆಯನ್ನು ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡಿದ್ದ. ನಾನು ಸಾಹೇಬರ ಕೋಣೆ ತೋರಿಸಿದೆ. ಬಾಗಿಲ ತನಕ ಹೋದವನು ಒಳಗೆ ನೋಡಿದ, ನಿಂತ, ಹಿಂದಕ್ಕೆ ಸರಿದ. ಬಂದು ಓಣಿಯ ಬೆಂಚಿನ ಮೇಲೆ ಕೂತ.

ಒಳಗೆ ಸಾವಕಾರರು ಇದ್ದರು. ಸಾಹೇಬರ ಎದುರು ಕುರ್ಚಿ ಎಳೆದುಕೊಂಡು, ಮೊಣಕೈಯನ್ನು ಟೇಬಲ್ಲಿಗೆ ಊರಿ ಕೂತಿದ್ದರು. ಪಕ್ಕದಲ್ಲೇ ಪೆಟ್ಟಿಗೆ. ಅವರ ಲಕೋಟೆ ಇನ್ನೂ ಪೆಟ್ಟಿಗೆಯೊಳಗೆ ಬಿದ್ದಿರಲಿಲ್ಲ. ಟೇಬಲ್ಲಿನ ಮೇಲೆ ಅವರ ಶಲ್ಯ ಹರವಿತ್ತು, ಅವರ ಬಲಗೈ ಅದರ ಕೆಳಗಿತ್ತು; ಎದುರಿಗಿದ್ದ ಸಾಹೇಬರ ಒಂದು ಕೈ ಬಾಗಿಲಿನಿಂದ ಕಾಣುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಚಿತ್ರ ಹೀಗಿದೆ.

ನಮ್ಮ ಕಡೆ ದನದ ಸಂತೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಣದವರಿಗಾಗಿ ಬರೆಯುತ್ತೇನೆ. ಎತ್ತಿನ ಬೆಲೆಯನ್ನು ಅಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಕೊಡುವವನೂ ಒಂದು ವಸ್ತ್ರದ ಕೆಳಗೆ ಕೈ ಹಿಡಿದು, ಬೆರಳುಗಳಲ್ಲೇ ಹೇಳಿ ಕೇಳಿ ಮಾಡುತ್ತಾರೆ. ದಲ್ಲಾಳಿ ಇಬ್ಬರ ಕೈಯನ್ನೂ ಸರದಿಯಂತೆ ಹಿಡಿಯುತ್ತಾನೆ. ವಸ್ತ್ರದ ಕೆಳಗೆ ಕೈ ಕೂಡಿರುವಾಗ ಮೂರನೆಯವನು ಹತ್ತಿರ ಬರುವುದಿಲ್ಲ, ಅದೇ ಎತ್ತಿಗೆ ಬೆಲೆ ಕಟ್ಟುವುದಿಲ್ಲ. ಆ ಕೈಗಳು ಬಿಡಬೇಕು, ಆಮೇಲೆ ಇವನ ಪಾಳಿ. ಚಿಕ್ಕವರಿದ್ದಾಗ ಅಣ್ಣ ಮತ್ತು ನಾನು ತಂದೆಯ ಜೊತೆ ಸಂತೆಗೆ ಹೋಗಿ, ತೂಗುಹಾಕಿದ ಗಂಟೆಗಳ ಕೆಳಗೆ ಕೂತು ಇದನ್ನು ನೋಡುತ್ತಿದ್ದೆವು. ಅಂಥ ಇಬ್ಬರ ನಡುವೆ ಓಡಿದ್ದಕ್ಕೆ ಅಣ್ಣ ಒಮ್ಮೆ ತಂದೆಯಿಂದ ಏಟು ತಿಂದಿದ್ದ.

ಅದಕ್ಕೇ ಮಲ್ಲಪ್ಪ ಬೆಂಚಿನ ಮೇಲೆ ಯಾಕೆ ಕೂತ ಎಂದು ನನಗೆ ಕೂಡಲೇ ತಿಳಿಯಿತು. ಎದ್ದು ಅವನ ಹತ್ತಿರ ಹೋದೆ.

"ಮಲ್ಲಪ್ಪಣ್ಣ, ಒಳಗ ಹೋಗಿ ಪೆಟಗಿಗಿ ಹಾಕ್ರಿ. ಇದು ಸಂತಿ ಅಲ್ಲ."

"ಕೈ ಕೂಡ್ಯಾವ್ರಿ ಒಳಗ."

"ಕೂಡಲಿ. ಅದಕ್ಕೂ ನಿಮ್ಮ ಟೆಂಡರ್ ಪಾಕೀಟಿಗೂ ಸಂಬಂಧ ಇಲ್ಲ."

"ಅವರದು ಮುಗೀಲಿ ತಡೀರಿ ಬಾಯಾರ. ಮುಗದ ಮ್ಯಾಲ ನಂದು."

"ವ್ಯಾಳ್ಯಾ ಮೀರ್ತದ."

"ಎಷ್ಟೊತ್ತಂತ ಕುಂತಾರ್ರಿ? ದೊಡ್ಡವರು ಅದಾರ, ತಾವೇ ಎದ್ದಾರು."

ಎಳೆದು ಒಳಗೆ ನೂಕಲು ಆಗುತ್ತದೆಯೇ? ಲಕೋಟೆಯನ್ನು ನಾನೇ ತೆಗೆದುಕೊಂಡು ಹಾಕಿದ್ದರೆ ಆ ನೆಪದಲ್ಲೇ ಅದನ್ನು ರದ್ದು ಮಾಡುತ್ತಿದ್ದರು. ನಾನು ಸಾಹೇಬರ ಕೋಣೆಗೆ ಹೋದೆ.

"ಸರ್, ಇನ್ನೊಬ್ಬರು ಟೆಂಡರಿನವರು ಹೊರಗಿದ್ದಾರೆ. ತಾವು ಮಾತಿನಲ್ಲಿದ್ದೀರಿ ಅಂತ ಬರುತ್ತಿಲ್ಲ. ಒಂದು ಮಾತು ಕರೆದುಬಿಡಿ."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ನಾ ಕರೀಬೇಕೇನು? ಇದೇನು ಲಗ್ನದ ಮನಿ? ಅಕ್ಷತಿ ಕೊಟ್ಟು ಕರೀಲೇನು?"

ಸಾವಕಾರರು ನಕ್ಕರು. "ಕರೀರಿ ಬಾಯಿ, ಕರೀರಿ. ನಾ ಯಾರನ್ನ ತಡದೇನಿ? ಬಾಗಿಲ ತೆರದೇ ಐತಿ." ಹಾಗೆಂದು ಕದಲಲಿಲ್ಲ. "ನಿಂಗಪ್ಪಾ, ಇನ್ನೊಂದು ಚಹಾ ತಾರಪಾ. ಬಾಯಾರಿಗೂ ಒಂದು."

ನಾನು ಮತ್ತೆ ಹೊರಗೆ ಹೋದೆ, ಮತ್ತೆ ಹೇಳಿದೆ. ಮಲ್ಲಪ್ಪ ಗೌರವದಿಂದ ಕೇಳಿಸಿಕೊಂಡ, ಆದರೆ ಏಳಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಕೂರುವುದು ಬಿಟ್ಟು ನನಗೆ ಬೇರೆ ದಾರಿ ಉಳಿಯಲಿಲ್ಲ. ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಸಾವಕಾರರು ತಮ್ಮ ಲಕೋಟೆಯನ್ನು ಪೆಟ್ಟಿಗೆಗೆ ಹಾಕಿದರು. ಏಳಲಿಲ್ಲ. ಮೂರು ಹೊಡೆಯಿತು. ಸಾಹೇಬರು ಪೆಟ್ಟಿಗೆಯ ಬಾಯಿಗೆ ಅರಗಿನ ಮುದ್ರೆ ಒತ್ತಿದರು. ಆಗ ಸಾವಕಾರರು ಎದ್ದು, ಶಲ್ಯ ಕೊಡವಿ, ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದರು. ಬೆಂಚಿನ ಮುಂದೆ ನಿಂತು, "ಏನು ಮಲ್ಲಪ್ಪ, ಆರಾಮ?" ಎಂದು ಕೇಳಿಯೇ ಹೋದರು.

ಮಲ್ಲಪ್ಪ ಎದ್ದು ಒಳಗೆ ಹೋಗಿ ಎರಡೂ ಕೈಯಲ್ಲಿ ಲಕೋಟೆ ಚಾಚಿದ.

"ವ್ಯಾಳ್ಯಾ ಮುಗೀತು," ಎಂದರು ಸಾಹೇಬರು.

"ನೀವು ಮಾತಾಡಾಕತ್ತಿದ್ರಲ್ರಿ ಸಾಹೇಬ್ರ. ನಡುವ ಹೆಂಗ ಬರಬೇಕ್ರಿ?"

"ಬರಬಾರದು ಅಂತ ನಾವೇನು ಬೋರ್ಡ್ ಹಾಕಿದ್ವೇನು?"

ಅವನು ಲಕೋಟೆಯನ್ನು ಹಿಂದಕ್ಕೆ ತೆಗೆದುಕೊಂಡು ಒಳಕಿಸೆಗೆ ಇಟ್ಟುಕೊಂಡ. ನನ್ನ ಕಡೆ ನೋಡಲಿಲ್ಲ. ಬೇರೆ ಯಾರೂ ಟೆಂಡರ್ ಹಾಕಿರಲಿಲ್ಲ. ಒಂದೇ ಟೆಂಡರ್ ಬಂದಾಗ ಮತ್ತೊಮ್ಮೆ ಕರೆಯುವುದು ನಮ್ಮಲ್ಲಿ ರೂಢಿ. ಹಾಗೆಂದು ನಾನು ಟಿಪ್ಪಣಿ ಬರೆದು ಸಾಹೇಬರ ಮುಂದಿಟ್ಟೆ. ಅವರು ಓದಿ, "ಬಾಯಿ, ನೀವು ಎಂ.ಎ. ಓದೀರಿ. ಆದ್ರ ಮಳಿ ಎಂ.ಎ. ಓದಿಲ್ಲ, ಅದು ನಮ್ಮ ಸಲುವಾಗಿ ಕಾಯೂದಿಲ್ಲ," ಎಂದರು. ಕೆಲಸ ತುರ್ತಿನದು ಎಂದು ಬರೆದು ಸಾವಕಾರರಿಗೇ ಕೊಟ್ಟರು. ಕಡತದಲ್ಲಿ ಇಂದಿಗೂ ಎಲ್ಲವೂ ನಿಯಮದಂತೆಯೇ ಇದ್ದೀತು. ಹೊಟ್ಟೆ ಉರಿಯುವುದು ಅದಕ್ಕೇ. ಯಾರೂ ಯಾರನ್ನೂ ತಡೆಯಲಿಲ್ಲ; ಬಾಗಿಲು ತೆರೆದೇ ಇತ್ತು. ಒಬ್ಬ ಮನುಷ್ಯನ ಮರ್ಯಾದೆಯನ್ನೇ ಅವನ ದಾರಿಗೆ ಅಡ್ಡವಾಗಿ ಇಟ್ಟು ಕೂತಿದ್ದರು, ಚಹಾ ಕುಡಿಯುತ್ತ.

ರಸ್ತೆ ಕೆಲಸ ಶುರುವಾಯಿತು. ಮೊದಲು ನಿಡೋಣಿಯ ಬಂಡಿಗಳನ್ನೇ ಕೂಲಿಗೆ ಕರೆದರು. ಅರ್ಧ ದಾರಿಗೆ ಟ್ರ್ಯಾಕ್ಟರುಗಳು ಬಂದವು, ಬಂಡಿಗಳನ್ನು ವಾಪಸ್ಸು ಕಳಿಸಿದರು. ಆ ವರ್ಷ ಬಬಲೇಶ್ವರದ ಸಂತೆಗೆ ನಿಡೋಣಿಯ ಎತ್ತುಗಳು ಜೋಡಿಜೋಡಿಯಾಗಿ ಬಂದವು. ಮಾರಿಸಿಕೊಟ್ಟ ದಲ್ಲಾಳಿ ಮಲ್ಲಪ್ಪನೇ. ಬೇರೆ ಯಾರನ್ನು ಅವರು ನಂಬಿಯಾರು? ತಾನು ಉಳಿಸುತ್ತೇನೆ ಎಂದಿದ್ದ ಎತ್ತುಗಳನ್ನು ತನ್ನದೇ ರುಮಾಲಿನ ಕೆಳಗೆ ಒಂದೊಂದಾಗಿ ಬೇರೆ ಊರಿಗೆ ಕೊಟ್ಟ. ತಂದೆ ಆ ದಿನಗಳಲ್ಲಿ ಸಂತೆಯಿಂದ ಬರುವಾಗ ಚೀಲ ತುಂಬಿಕೊಂಡೇ ಬರುತ್ತಿದ್ದರು. ತಾವೇ ಮಾರಿದ್ದ ಗಂಟೆ, ಗೆಜ್ಜೆಗಳನ್ನು ಜನ ತಿರುಗಿ ತಂದು ಕೊಡುತ್ತಿದ್ದರು. "ಹೊಸಾ ಮಾಲು ತಗೊಂಡು ಹೋಗೂದೇ ಬ್ಯಾಡಾಗೇದ," ಎಂದು ಚೀಲ ಇಳಿಸುತ್ತಿದ್ದರು. ಅಣ್ಣ ಆ ಗಂಟೆಗಳ ಸದ್ದು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ. ಸದ್ದು ಬೇಡವಾಗಿತ್ತೋ, ಹೊರಗೆ ಕೆಲಸವಿತ್ತೋ, ನಾನು ಹೇಳಲಾರೆ.

ಒಂದು ಸಂತೆಯ ದಿನ ರಜೆ ಹಾಕಿ ತಂದೆಯ ಜೊತೆ ಬಬಲೇಶ್ವರಕ್ಕೆ ಹೋದೆ. ಮಲ್ಲಪ್ಪ ಒಂದು ವ್ಯಾಪಾರ ಮುಗಿಸಿ, ರುಮಾಲು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ನಾನು ಅವನ ಮೇಲೆಯೇ ರೇಗಿದೆ. ಯಾರ ಮೇಲೆ ರೇಗಬೇಕಿತ್ತೋ ಅವರು ನನ್ನ ಕೈಗೆ ಸಿಗುವವರಲ್ಲ.

"ಎರಡೆರಡು ಸಲ ಹೇಳಿದೆ. ಎದ್ದು ನಾಕು ಹೆಜ್ಜಿ ಹಾಕಿದ್ರ ಏನಾಗ್ತಿತ್ತು ನಿಮಗ?"

"ಪಾಕೀಟ ಪೆಟಗ್ಯಾಗ ಬೀಳ್ತಿತ್ತು."

"ಗೊತ್ತಿತ್ತಲ್ಲ ಮತ್ತ?"

"ಬಾಯಾರ, ಒಳಗ ಕೈ ಕೂಡಿದ್ದು ನಾ ಒಬ್ಬನೇ ನೋಡಿಲ್ಲ. ಓಣ್ಯಾಗ ನಮ್ಮ ಕಡೆ ಮಂದಿ ಇದ್ರು. ನಿಡೋಣಿ ಮಲ್ಲಪ್ಪ ಕೂಡಿದ ಕೈ ನಡುವ ಹೋದ ಅಂತ ಸಂತ್ಯಾಗ ಸುದ್ದಿ ಆದ್ರ, ನಾಳಿ ನನ್ನ ಕೈಯಾಗ ಯಾರು ಕೈ ಇಡ್ತಾರ್ರಿ? ಆ ಕೆಲಸ ಒಂದು ವರ್ಷದ್ದು. ಈ ಕೈ ಸಾಯೂತನಕ ಬೇಕು."

ಹೆಗಲ ರುಮಾಲು ಸರಿಮಾಡಿಕೊಳ್ಳುತ್ತ, "ಅವರು ವ್ಯಾಪಾರ ಮಾಡಾಕತ್ತಿರಲಿಲ್ಲ ಅಂತ ಆಮ್ಯಾಲ ತಿಳೀತ್ರಿ," ಎಂದ. "ಸುಳ್ಳ ಸುಳ್ಳ ಕೈ ಕೂಡಸ್ತಾರ ಅಂತ ನಮಗೇನು ಗೊತ್ತು? ಸಂತ್ಯಾಗ ಯಾರೂ ಹಂಗ ಮಾಡೂದಿಲ್ಲ."

ಹೊಸಬರಿಗೆ ನಾನು ಹೇಳಬೇಕಾದದ್ದು ಇಷ್ಟೇ. ಮಲ್ಲಪ್ಪ ಮಾಡಿದ್ದನ್ನು ನಿಮ್ಮ ಪಟ್ಟಿಯಲ್ಲಿ ಸಮಯ ಪಾಲಿಸದ ತಪ್ಪು ಎಂದು ಬರೆಯುತ್ತೀರಿ. ನಾನೂ ಮೊನ್ನೆ ಹಾಗೆಯೇ ಓದಿ ಬಂದೆ. ದಯವಿಟ್ಟು ಹಾಗೆ ಬರೆಯುವ ಮೊದಲು ಎದ್ದು ಓಣಿಗೆ ಹೋಗಿ, ಬೆಂಚಿನ ಮೇಲೆ ಯಾರು ಕೂತಿದ್ದಾರೆ, ಯಾಕೆ ಕೂತಿದ್ದಾರೆ ಎಂದು ನೋಡಿ. ಪೆಟ್ಟಿಗೆಯನ್ನು ದೊಡ್ಡವರ ಟೇಬಲ್ಲಿನಿಂದ ಇಳಿಸಿ ಬಾಗಿಲ ಹೊರಗೆ ಇಡಿಸಲು ನಾನು ಮುಂದೆ ವರ್ಷಗಟ್ಟಲೆ ಬರೆದೆ. ಆ ಸಾಹೇಬರು ವರ್ಗವಾಗಿ ಹೋದ ಮೇಲೆ ಅದು ಆಯಿತು. ನನ್ನ ನೌಕರಿಯಲ್ಲಿ ನಾನು ಮಾಡಿದ ಕೆಲಸ ಯಾವುದು ಎಂದರೆ ಅದೊಂದನ್ನೇ ತೋರಿಸಬಲ್ಲೆ. ನಿಡೋಣಿಯ ಎತ್ತುಗಳಿಗೆ ಅದರಿಂದ ಏನೂ ಆಗಲಿಲ್ಲ.

ಈಗ ನನಗೆ ನಿದ್ದೆ ಕೆಡಿಸುವ ಸಂಗತಿಗೆ ಬರುತ್ತೇನೆ. ಅದು ಆ ಶಲ್ಯ. ಸಾವಕಾರರು ದನದ ಸಂತೆಗೆ ಕಾಲಿಟ್ಟವರಲ್ಲ. ಸೆಗಣಿ ಕಂಡರೆ ಧೋತರ ಎತ್ತಿ ಸುತ್ತುಹಾಕಿ ಹೋಗುವವರು. ಅವರ ಜಿಲ್ಲೆಯಲ್ಲಿ ಈ ಪದ್ಧತಿ ಇತ್ತೋ ಇಲ್ಲವೋ ನನಗೆ ತಿಳಿಯದು. ಟೆಂಡರ್ ಹಾಕಲು ಬರಲಿರುವವನು ದಲ್ಲಾಳಿ, ಶಲ್ಯ ಹರವಿ ಅದರ ಕೆಳಗೆ ಕೈಯಿಟ್ಟು ಕೂತರೆ ಅವನು ಒಳಗೆ ಬರಲಾರ ಎಂದು ಅವರಿಗೆ ಹೇಗೆ ಹೊಳೆಯಿತು? ಮಲ್ಲಪ್ಪ ಟೆಂಡರ್ ಹಾಕುವ ಸುದ್ದಿ ಸಂತೆಯಲ್ಲೆಲ್ಲ ಹಬ್ಬಿತ್ತು, ಅದು ಅವರಿಗೆ ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಶಲ್ಯ?

ಅಥವಾ ಶಲ್ಯ ಇರಲೇ ಇಲ್ಲವೇನೋ. ಆ ದಿನದ ದಿನಚರಿ ತೆಗೆದು ನೋಡಿದೆ. ಮಲ್ಲಪ್ಪ ಬೆಂಚಿನ ಮೇಲೆ ಕೂತದ್ದು ಇದೆ, ನನಗೆ ಊಟ ಸೇರದ್ದು ಇದೆ, ಸಾಹೇಬರ ಬಗ್ಗೆ ಅಚ್ಚು ಹಾಕಿಸಲಾಗದ ಮಾತುಗಳಿವೆ. ಶಲ್ಯದ ಸುದ್ದಿಯೇ ಇಲ್ಲ. ನಿಂಗಪ್ಪ ಬದುಕಿರುವಾಗ ಅವನನ್ನು ಕೇಳಿದ್ದೆ. "ಯಾವ ಶಲ್ಯಾರಿ ಬಾಯಾರ? ಬ್ಯಾಸಗ್ಯಾಗ ಮಾರಿ ಒರಸ್ಕೊಳ್ಳಾಕ ಇಟ್ಟಿರಬೇಕು. ಚಹಾ ತಂದು ತಂದು ನನ್ನ ಕಾಲ ಬಿದ್ದು ಹೋಗಿದ್ವು, ನಾ ಶಲ್ಯಾ ನೋಡ್ಲ್ಯಾ?" ಎಂದಿದ್ದ. ಮಲ್ಲಪ್ಪ ಅಂದೂ, ಆಮೇಲೆ ಸಂತೆಯಲ್ಲೂ ಕೈ ಕೂಡಿದ ಮಾತು ಆಡಿದ್ದು, ಅವರಿಬ್ಬರು ವ್ಯವಹಾರದ ಮಾತಿನಲ್ಲಿದ್ದರು ಎಂಬ ಅರ್ಥದಲ್ಲಿ ಮಾತಿಗೆ ಅಂದದ್ದೂ ಇರಬಹುದು. ವಸ್ತ್ರವನ್ನು ನನ್ನ ಸಿಟ್ಟೇ ಆಮೇಲೆ ತಂದು ಆ ಟೇಬಲ್ಲಿನ ಮೇಲೆ ಹಾಸಿರಬಹುದು. ಮಲ್ಲಪ್ಪನನ್ನು ಕೇಳೋಣವೆಂದರೆ ಅವನೂ ಇಲ್ಲ, ಸಾವಕಾರರೂ ಇಲ್ಲ.

ಉಳಿದವನು ಅಣ್ಣ. ಸಾವಕಾರರ ಬಳಿ ಕೆಲಸಕ್ಕಿದ್ದವರಲ್ಲಿ ಆ ಸಂತೆಯನ್ನು ಬಾಲ್ಯದಿಂದ ನೋಡಿದವನು ನನಗೆ ಗೊತ್ತಿದ್ದಂತೆ ಅವನೊಬ್ಬನೇ. ಇದು ಅನುಮಾನವೇ ಹೊರತು ಸಾಕ್ಷಿಯಲ್ಲ ಎಂದು ನನ್ನ ಓದು ನನಗೆ ಎಚ್ಚರಿಸುತ್ತದೆ. ಈ ಸೀಮೆಯಲ್ಲಿ ಯಾರು ಬೇಕಾದರೂ ಅವರಿಗೆ ಹೇಳಿರಬಹುದು. ಇಷ್ಟು ವರ್ಷ ಅಣ್ಣನನ್ನು ಕೇಳಲಿಲ್ಲ. ಮನೆ ನಡೆದದ್ದು ಅವನ ದುಡಿಮೆಯಲ್ಲಿ, ನಾನು ಧಾರವಾಡಕ್ಕೆ ಓದಲು ಹೋದದ್ದೂ.

ಆ ಭಾಷಣ ಮಾಡಿ ಬಂದ ಮಾರನೆಯ ದಿನ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿರುವ ಅವನ ಮನೆಗೆ ಹೋದೆ. ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದ. ಕಣ್ಣು ಚುರುಕು, ಕಿವಿ ನನಗಿಂತ ಚುರುಕು. ಮನೆಯಲ್ಲಿ ನಾವು ಆಡುವುದು ದಖನಿ. ಆದರೆ ಆ ದಿನ ನನ್ನ ಬಾಯಿಂದ ಸಂತೆಯ ಕನ್ನಡವೇ ಬಂತು. ಮಲ್ಲಪ್ಪನ ಹೆಸರು ಹೇಳಿದೆ. "ಯಾವ ಮಲ್ಲಪ್ಪ?" ಎಂದ. ಹೇಳಿದೆ. ಕೇಳಬೇಕಿದ್ದನ್ನು ಕೇಳಿದೆ. ಅವನು ಪೇಪರ್ ಮಡಚಿದ. "ಈಗ್ಯಾಕ ಬೇ ಅದೆಲ್ಲಾ?" ಎಂದ. ಒಳಗಿನಿಂದ ಚಹಾ ಬಂತು. ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಊದಿ, ನಿಧಾನವಾಗಿ ಕುಡಿದ. ನಾನು ಮುಟ್ಟಲಿಲ್ಲ. "ಆರ್ತದ, ಕುಡಿ," ಎಂದ. ನಾನು ಮತ್ತೊಮ್ಮೆ ಕೇಳಿದೆ, ಅವನು ಎದ್ದು ಒಳಗೆ ಹೋದ. ಅಂದಿನಿಂದ ಎರಡು ಸಲ ಹೋಗಿದ್ದೇನೆ. ಮೊಮ್ಮಕ್ಕಳ ವಿಷಯ, ನೀರಿನ ವಿಷಯ, ಮಂಡಿನೋವಿನ ವಿಷಯ ಮಾತಾಡಿದ್ದಾನೆ. ನಾನು ಕೇಳಿದ್ದು ಅವನಿಗೆ ಕೇಳಿಸಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಕೇಳಿದ್ದು ಇಷ್ಟೇ:

"ಭಾಯಿಜಾನ್, ಮಲ್ಲಪ್ಪ ಬರತಾನ, ಟೇಬಲ್ ಮ್ಯಾಲ ಶಲ್ಯಾ ಹಾಸಿ ಕೈ ಇಟ್ಟು ಕುಂದ್ರಿ ಅಂತ ಸಾವಕಾರಗ ಹೇಳಿದಾಂವ ನೀನೇನು?"